ಹತ್ತಿ ಸಾಹುಕಾರರ ಗಂಟಲು

ಎಮ್ಮಿಗನೂರಿನಲ್ಲಿ ನಮ್ಮ ಓಣಿಯ ಹತ್ತಿ ಸಾಹುಕಾರರದು ದೊಡ್ಡ ಗಂಟಲು. ಆದವಾನಿಯ ಪೇಟೆಯಲ್ಲಿ ಅವರು ಬೆಲೆ ಕೂಗಿದರೆ ಎತ್ತುಗಳೂ ತಲೆಯೆತ್ತುತ್ತಿದ್ದವು. ನಾವು ನೇಕಾರರು ಅಹವಾಲು ಹೊತ್ತು ಕಚೇರಿಗೆ ಹೊರಟಾಗಲೆಲ್ಲ ಅವರೇ ಗಾಡಿ ಹೂಡಿಸಿ, ಬುತ್ತಿ ಕಟ್ಟಿಸಿ ಕಳಿಸುತ್ತಿದ್ದರು. "ನಮ್ಮ ಪರವಾಗಿ ನೀವ ಒಂದ್ ಮಾತು ಹೇಳ್ರಿ" ಎಂದರೆ ಮಾತ್ರ ಶಲ್ಯ ಕೊಡವಿ, "ಮಗ್ಗ ನಿಮ್ದು, ಮಾತೂ ನಿಮ್ದ" ಎನ್ನುತ್ತಿದ್ದರು.

ಯುದ್ಧದ ಕಾಲದಲ್ಲಿ ನೂಲು ಸಿಗದೆ ಮಗ್ಗಗಳು ನಿಂತವು. ವಿಚಾರಣೆಗೆ ಬಂದ ಅಧಿಕಾರಿ ಬಜಾರಿನ ಬೇವಿನ ಮರದಡಿ ಕುರ್ಚಿ ಹಾಕಿಸಿಕೊಂಡು, ನಮ್ಮನ್ನೆಲ್ಲ ದಾಟಿ ಸಾಹುಕಾರರನ್ನೇ ನೋಡಿದ. "ಚೆಪ್ಪಂಡಿ, ಏಮಿ ಕಷ್ಟಂ?" ಹೇಳಿ, ಏನು ಕಷ್ಟ ಎಂದು ತೆಲುಗಿನಲ್ಲಿ ಕೇಳಿದ.

ಸಾಹುಕಾರರು ಆ ಉರಿಬಿಸಿಲಲ್ಲಿ ಕುತ್ತಿಗೆಗೆ ಉಣ್ಣೆಯ ಬಟ್ಟೆ ಸುತ್ತಿಕೊಂಡಿದ್ದರು. ಗಂಟಲು ಮುಟ್ಟಿ, ಮಾತಾಡಲಾಗದೆಂದು ಕೈಸನ್ನೆ ಮಾಡಿ, ಲಾಳಿಗೆ ನೂಲು ಸುತ್ತುವ ನಮ್ಮ ಪಕ್ಕದ ಮನೆಯ ಅಜ್ಜಿಯನ್ನು ತೋರಿಸಿದರು. ಬೆಳಿಗ್ಗೆಯಷ್ಟೇ ಅವರು ಗಾಡಿಯವನನ್ನು ಬೈದದ್ದು ಓಣಿಗೆಲ್ಲ ಕೇಳಿತ್ತು.

ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದಳು. "ನೂಲು ಊರಿಗೆ ಬರ್ತೈತ್ರಿ. ಅಂಗಡಿ ಹಿತ್ತಲ ಬಾಗ್ಲಿಂದ ಹೊಂಟ್ ಹೋಗತೈತಿ. ನಮ್ಮ ಮನಿಗೆ ಮಾತ್ರ ಬರಂಗಿಲ್ಲ."

ಇದನ್ನು ನಾವೆಲ್ಲ ಬಲ್ಲೆವು. ಗಟ್ಟಿಯಾಗಿ ಯಾರೂ ಅಂದಿರಲಿಲ್ಲ. ಅಧಿಕಾರಿ ಬರೆಯುವುದನ್ನು ನಿಲ್ಲಿಸಿ, ಯಾವ ಅಂಗಡಿ ಎಂದು ಕೇಳಿದ.

ಅಜ್ಜಿಯ ಬೆರಳು ಎದುರಿನ ಸಾಲಿಗೆ ಹೋಗಿ ಒಂದು ಬಾಗಿಲಲ್ಲಿ ನಿಂತಿತು. ಅದು ಸಾಹುಕಾರರ ಸ್ವಂತ ಬೀಗರ ಅಂಗಡಿ.

ಸಾಹುಕಾರರ ಬಾಯಿ ತೆರೆಯಿತು. ನಾವೆಲ್ಲ ಅವರನ್ನೇ ನೋಡಿದೆವು. ಅವರು ಉಣ್ಣೆಯ ಬಟ್ಟೆಯನ್ನು ಇನ್ನೊಂದು ಸುತ್ತು ಬಿಗಿದುಕೊಂಡರು.