ಡೇರಿಯಲ್ಲಿ ಮಾತಾಡಿದ ಸಾಫ್ಟ್‌ವೇರ್

ಕೋವಿಡ್‌ಗೆ ಹಿಂದಿನ ವರ್ಷ. ಬಂಗಾರಪೇಟೆಯ ಮನೆಯಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತ ಪೇಟೆಂಟ್ ಏಜೆಂಟ್ ಕೆಲಸ ಮಾಡುತ್ತಿದ್ದೆ. ಹೊಸದಾಗಿ ಕಂಡುಹಿಡಿದದ್ದರ ಮೇಲೆ ಹಕ್ಕು ಕೊಡಿಸುವುದು, ಬೇರೆಯವರ ಹಕ್ಕನ್ನು ಪ್ರಶ್ನಿಸುವುದು ನನ್ನ ವೃತ್ತಿ. ಒಂದು ಭಾನುವಾರ ಆಂಡರ್ಸನ್‌ಪೇಟೆಯ ಮಂಜುಳಾ ನೋಟಿಸೊಂದನ್ನು ಹಿಡಿದು ಮನೆಗೇ ಬಂದರು.

ಇಬ್ಬರು ನೌಕರರ ಪುಟ್ಟ ಕಂಪನಿ ಅವರದು. ಹಳ್ಳಿಯ ಡೇರಿಯಲ್ಲಿ ಹಾಲು ಅಳೆದು, ಫ್ಯಾಟ್ ಎಷ್ಟಿದೆ ಎಂಬುದನ್ನು ಹಾಲು ಹಾಕಿದವರ ಭಾಷೆಯಲ್ಲೇ, ಕನ್ನಡವೋ ತೆಲುಗೋ ತಮಿಳೋ, ಕೂಗಿ ಹೇಳುವ ಸಾಫ್ಟ್‌ವೇರ್ ಬರೆದಿದ್ದರು. ಆ ವಿಧಾನದ ಪೇಟೆಂಟ್ ತನ್ನದು, ಮಾರಾಟ ನಿಲ್ಲಿಸಿ ಎಂದು ದೊಡ್ಡ ಕಂಪನಿಯೊಂದು ಬರೆದಿತ್ತು. ನಮ್ಮ ಕಾನೂನಿನಲ್ಲಿ ಬರೀ ಸಾಫ್ಟ್‌ವೇರ್‌ಗೆ ಪೇಟೆಂಟ್ ಇಲ್ಲ. ಅದಕ್ಕೊಂದು ಯಂತ್ರ ಜೋಡಿಸಿ ಅರ್ಜಿ ಬರೆಯುವ ಜಾಣ್ಮೆ ನಮ್ಮಂಥವರಿಗೆ ಗೊತ್ತು, ನಾನೂ ಬರೆದಿದ್ದೇನೆ.

"ನಮ್ಗಿರೋದು ಇದೊಂದೇ ಸಾರ್. ಇದು ನಿಂತ್ರೆ ಕಂಪ್ನಿ ನಿಂತಂಗೆ" ಎಂದರು ಮಂಜುಳಾ.

ಮೊದಲು ಮಾಡಿದವರು ನೀವಾದರೆ ಪೇಟೆಂಟ್‌ಗೆ ಏಕೆ ಹಾಕಲಿಲ್ಲ ಎಂದು ಸ್ವಲ್ಪ ಗದರಿಸಿಯೇ ಕೇಳಿದೆ. ಅಷ್ಟರಲ್ಲಿ ಎಲ್ಲರಿಗೂ ತೋರಿಸಿಬಿಟ್ಟಿದ್ದರಂತೆ. ಅವರು ಮೊದಲು ಯಂತ್ರ ಇಟ್ಟ ಹಳ್ಳಿಯ ಡೇರಿಯಲ್ಲಿ ಹಾಲು ಹಾಕುವವರ ಎದುರು ಬಿಡಿಸಿ ತೋರಿಸದೆ ಯಾವ ಯಂತ್ರವನ್ನೂ ಒಳಗೆ ಬಿಡುತ್ತಿರಲಿಲ್ಲ. ಪೇಟೆಂಟ್ ಬೇಕಾದವರು ಅರ್ಜಿಗೆ ಮೊದಲು ಬಾಯಿ ಬಿಡಬಾರದು.

ಆ ತಪ್ಪೇ ಈಗ ನಮಗೆ ಆಧಾರವಾಯಿತು. ದೊಡ್ಡ ಕಂಪನಿಯ ಅರ್ಜಿಗಿಂತ ಮೊದಲೇ ಆ ವಿಧಾನ ಬಹಿರಂಗವಾಗಿತ್ತು ಎಂದು ಸಾಬೀತಾದರೆ ಪೇಟೆಂಟ್ ನಿಲ್ಲುವುದಿಲ್ಲ. ಡೇರಿಯ ಕಾರ್ಯದರ್ಶಿ ನಾರಾಯಣಪ್ಪ ಸಭೆಯ ನಡಾವಳಿ ಪುಸ್ತಕ ತೆಗೆದುಕೊಟ್ಟರು. ದಿನಾಂಕ, ಸಹಿ, ಹೆಬ್ಬೆಟ್ಟು ಎಲ್ಲ ಇತ್ತು.

"ನಮ್ಮ ಎಂಗಸ್ರು ಮೂರು ದಿನ ಕೇಳಿ ಒಪ್ಕಂಡ ಮ್ಯಾಲೇನೆ ಮಿಷನ್ನು ಒಳಕ್ಕೆ ಬಂದಿದ್ದು. ಯಾರ್ ಮುಂದೆ ಬೇಕಾದ್ರೂ ಯೋಳ್ತೀವಿ" ಎಂದರು.

ನಾನು ಉಬ್ಬಿಹೋದೆ. ಪೇಟೆಂಟ್ ರದ್ದು ಕೋರಿ ವಿರೋಧ ಅರ್ಜಿ ಸಲ್ಲಿಸಿದೆ. ಎದುರು ಪಕ್ಷ ಮತ್ತೆ ಮತ್ತೆ ಕಾಲಾವಕಾಶ ಕೇಳಿತು. ನಡುವೆ ಲಾಕ್‌ಡೌನ್ ಬಂತು. ಕೇಸಿರುವ ಸಾಫ್ಟ್‌ವೇರ್ ನಮಗೇಕೆ ಎಂದು ಡೇರಿಗಳು ಒಂದೊಂದಾಗಿ ಹಿಂದೆ ಸರಿದವು. ಮೂರನೆಯ ವರ್ಷ ಆದೇಶ ನಮ್ಮ ಪರವಾಗಿ ಬಂತು. ಸಂಭ್ರಮದಿಂದ ಫೋನ್ ಮಾಡಿದೆ.

"ಕಂಪ್ನಿ ಮುಚ್ಚಿ ಎಂಟು ತಿಂಗ್ಳಾಯ್ತು ಸಾರ್. ನಿಮ್ಗೆ ಬೇಜಾರಾಗ್ತದೆ ಅಂತ ಯೋಳಿರ್ಲಿಲ್ಲ" ಎಂದರು ಮಂಜುಳಾ.

ಇಲ್ಲದ ಕಂಪನಿಯ ಪರವಾಗಿ ನಾನು ಎಂಟು ತಿಂಗಳು ವಾದಿಸಿದ್ದೆ. ನಾಚಿಕೆಯಾಯಿತು, ದುಃಖವೂ ಆಯಿತು. ನೋಟಿಸ್ ಬಂದ ವಾರವೇ ಆ ನಡಾವಳಿಯ ಪ್ರತಿಯನ್ನು ಉಳಿದ ಡೇರಿಗಳಿಗೆ ಕಳಿಸಿದ್ದರೆ ಅವು ಕೈಬಿಡುತ್ತಿರಲಿಲ್ಲವೋ ಏನೋ. ಗೆಲ್ಲುವ ಹುರುಪಿನಲ್ಲಿ ನನಗದು ಹೊಳೆಯಲೇ ಇಲ್ಲ. ಸತ್ಯ ನಮ್ಮ ಕಡೆ ಇದ್ದರೆ ಸಾಕು ಎಂದುಕೊಂಡಿದ್ದೆ. ಅದು ಹೊರಬರುವವರೆಗೆ ಉಸಿರು ಹಿಡಿದಿರಬೇಕಾದವರು ಮಂಜುಳಾ, ನಾನಲ್ಲ. ಅಂದಿನಿಂದ ಸಣ್ಣ ಕಂಪನಿಯವರು ಯಾರೇ ಬರಲಿ, ಕಾಗದಪತ್ರ ಬಿಚ್ಚುವ ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ: ನೀವು ಎಷ್ಟು ತಿಂಗಳು ತಡೆದುಕೊಳ್ಳಬಲ್ಲಿರಿ?