ಒಂದು ಗಂಟೆಯ ಪ್ರಾಕ್ಟಿಕಲ್ ಕ್ಲಾಸು

ಎಸೆಸೆಲ್ಸಿ ಪಾಸಾದ ವರ್ಷ ನಾನು ಕುರುಗೋಡಿನಿಂದ ಬಳ್ಳಾರಿಗೆ ಓದಲು ಬಂದೆ. ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮ ಓಣಿಯಿಂದ ಕಾಲೇಜಿಗೆ ಹೋದ ಮೊದಲ ಹುಡುಗಿ ನಾನು. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದೆ. ಡಾಕ್ಟರ್ ಆಗಬಹುದು ಎಂಬ ಆಸೆಯನ್ನು ನಮ್ಮ ಹೈಸ್ಕೂಲಿನ ಮೇಷ್ಟ್ರೊಬ್ಬರು ತಲೆಯಲ್ಲಿ ತುಂಬಿ ಕಳಿಸಿದ್ದರು.

ಹಾಸ್ಟೆಲಿನಲ್ಲಿ ಜಾಗ ಸಿಗಬೇಕಾದರೆ ಅಪ್ಪನ ಆದಾಯದ ಸರ್ಟಿಫಿಕೇಟ್ ಬೇಕಿತ್ತು. ಅಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಮೂಟೆ ಹೊರುತ್ತಿದ್ದ. ವರ್ಷದ ಬಹುಪಾಲು ಅಲ್ಲೇ ಇರುತ್ತಿದ್ದ. ಕುರುಗೋಡಿನ ಕಚೇರಿಯಲ್ಲಿ ಕೇಳಿದರೆ, "ನೀ ದುಡಿಯೂದು ಸಿರುಗುಪ್ಪದಾಗ, ಅಲ್ಲೇ ಬರೆಸ್ಕೊಂಡು ಬಾ" ಎಂದರು. ಸಿರುಗುಪ್ಪದಲ್ಲಿ, "ನಿನ್ನ ರೇಷನ್ ಕಾರ್ಡು ಕುರುಗೋಡಿಂದು, ನಾವು ಹ್ಯಾಂಗ ಕೊಡೂದು?" ಎಂದರು. ಅಪ್ಪ ಎರಡು ಊರಿನ ನಡುವೆ ಬಸ್ಸಿನಲ್ಲಿ ಓಡಾಡುವಷ್ಟರಲ್ಲಿ ಹಾಸ್ಟೆಲ್ ಭರ್ತಿಯಾಗಿತ್ತು.

ಗಿರಣಿಯ ಮಾಲೀಕರ ಮನೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿತ್ತು. ಬೇರೆ ದಾರಿ ಕಾಣದೆ ಅಪ್ಪ ನನ್ನನ್ನು ಅಲ್ಲಿಗೆ ಕರೆದೊಯ್ದ. "ನಮ್ಮನ್ಯಾಗ ಇರಲಿ ಬಿಡು. ಉಂಡು ಓದ್ಕೊಂಡಿರ್ತಾಳ" ಎಂದರು ಮಾಲೀಕರ ಹೆಂಡತಿ. ಅಪ್ಪನ ಕಣ್ಣಲ್ಲಿ ನೀರು ಬಂತು.

ಮಾಲೀಕರ ತಾಯಿಗೆ ಲಕ್ವ ಹೊಡೆದು ಒಂದು ಕಡೆಯ ಕೈಕಾಲು ಬಿದ್ದುಹೋಗಿದ್ದವು. ಮಾತು ತೊದಲುತ್ತಿತ್ತು, ಬುದ್ಧಿ ಮಾತ್ರ ಚುರುಕಾಗಿತ್ತು. ಬೆಳಿಗ್ಗೆ ಅವರ ಮೈ ತೊಳೆದು, ಸೀರೆ ಬದಲಿಸಿ ನಾನು ಕಾಲೇಜಿಗೆ ಓಡುತ್ತಿದ್ದೆ. ಪಾಠ ಮುಗಿಸಿ ಬಂದು, ಒಂದು ಗಂಟೆಗೆ ಸರಿಯಾಗಿ ಅವರಿಗೆ ಉಣ್ಣಿಸಬೇಕಿತ್ತು. ಕಾಲೇಜಿನಲ್ಲಿ ಪ್ರಾಕ್ಟಿಕಲ್ ಶುರುವಾಗುತ್ತಿದ್ದದ್ದೂ ಒಂದು ಗಂಟೆಗೇ.

ಎರಡು ವಾರ ಕಾದು, ಧೈರ್ಯ ಮಾಡಿ ಅವರ ಸೊಸೆಯನ್ನು, ಅಂದರೆ ಮಾಲೀಕರ ಹೆಂಡತಿಯನ್ನು, ಕೇಳಿದೆ. "ಅಮ್ಮಾರೆ, ವಾರದಾಗ ಮೂರು ದಿನ ಒಂದಕ್ಕ ಲ್ಯಾಬ್ ಐತ್ರಿ."

"ಹೋಗು ಮತ್ತ. ಬ್ಯಾಡ ಅಂದೋರ್ಯಾರು? ನಮ್ಮತ್ತಿಯವರಿಗೆ ಉಣಿಸಿ ಹೋಗು."

"ಅಷ್ಟೊತ್ತಿಗೆ ಬಾಗಿಲಾ ಹಾಕಿರ್ತಾರ್ರಿ. ಹನ್ನೆರಡಕ್ಕ ಉಣಿಸಿದ್ರ ನಡೀತೈತೇನ್ರಿ?"

"ಮೊದಲಿಂದ ಒಂದಕ್ಕ ಉಂಡ ಜೀವ ಅದು. ನಿನ್ನ ಸಲುವಾಗಿ ಬದ್ಲಿ ಮಾಡಾಕ ಆಗ್ತೈತೇನು?"

ಅವರು ನಗುತ್ತಲೇ ಹೇಳಿದರು. ಆ ಮನೆಯಲ್ಲಿ ನನ್ನನ್ನು ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ, ಹೊಟ್ಟೆಗೆ ಕಡಿಮೆ ಮಾಡಲಿಲ್ಲ. ಹಾಗಾಗಿ ದೂರು ಹೇಳಲು ನನ್ನ ಬಳಿ ಏನೂ ಇರಲಿಲ್ಲ.

ಈ ಮಾತು ಒಳಗೆ ಮಲಗಿದ್ದ ಮುದುಕಿಯ ಕಿವಿಗೆ ಬಿದ್ದಿತ್ತು. ಅವರದು ತೆಲುಗು ಬೆರೆತ ಮಾತು. ಸಂಜೆ ಕಾಲೊತ್ತುವಾಗ ಕೇಳಿದರು, "ಏಮೇ ಪಿಲ್ಲಾ, ಅಲ್ಲೇನು ಮಾಡ್ತಾರ ಒಂದಕ್ಕ?"

"ಕಪ್ಪಿ ಕೊಯ್ತಾರ್ರಿ. ಅದರ ಎದಿ ಹ್ಯಾಂಗ ಬಡಿತೈತಿ ನೋಡಾಕ."

"ನೀ ನೋಡಿದೇನು?"

"ಇಲ್ರಿ."

ಮರುದಿನ ಹನ್ನೆರಡು ಹೊಡೆಯುವ ಮೊದಲೇ ಮುದುಕಿ ಹಸಿವು, ಹಸಿವು ಎಂದು ಮನೆಯೆಲ್ಲ ಕೇಳುವಂತೆ ಕೂಗಿದರು. ಸೊಸೆ ಬೇರೆ ದಾರಿಯಿಲ್ಲದೆ ಅನ್ನ ಕಲಸಿಕೊಟ್ಟರು. ನಾನು ಉಣ್ಣಿಸಿ, ಕೈ ತೊಳೆದು, ಬಿಸಿಲಲ್ಲಿ ಓಡಿದೆ. ಆ ದಿನ ಮೇಣದ ತಟ್ಟೆಯ ಮೇಲೆ, ಸೀಳಿದ ಕಪ್ಪೆಯೊಳಗೆ, ಹುಣಸೆ ಬೀಜದಷ್ಟು ಹೃದಯ ಇನ್ನೂ ಬಡಿದುಕೊಳ್ಳುತ್ತಿದ್ದುದನ್ನು ಕಂಡೆ. ರಾತ್ರಿ ಊಟ ಬೇಡವೆನ್ನಿಸುವಷ್ಟು ಖುಷಿಯಾಗಿತ್ತು.

ಹೀಗೆ ಎರಡು ವಾರ ನಡೆಯಿತು. ಹಸಿವಿಲ್ಲದ ಹೊತ್ತಿನಲ್ಲಿ ಉಂಡ ಅನ್ನ ಮುದುಕಿಗೆ ದಕ್ಕಲಿಲ್ಲ. ಒಂದು ದಿನ ನಾನು ಲ್ಯಾಬಿನಿಂದ ಬರುವಷ್ಟರಲ್ಲಿ ವಾಂತಿ ಮಾಡಿಕೊಂಡು ಸುಸ್ತಾಗಿ ಬಿದ್ದಿದ್ದರು. "ನಿನ್ನ ಕಾಲೇಜಿನ ಅವಸರಕ್ಕ ಅನ್ನ ತುರುಕಿದೇನು?" ಎಂದರು ಸೊಸೆ. ಮುದುಕಿ ಇಲ್ಲ, ಇಲ್ಲ ಎಂಬಂತೆ ಕೈ ಆಡಿಸಿದರು. ಯಾರಿಗೂ ಅದು ಅರ್ಥವಾಗಲಿಲ್ಲ, ಅಥವಾ ಅರ್ಥ ಮಾಡಿಕೊಳ್ಳಲಿಲ್ಲ. ಊಟ ಮತ್ತೆ ಒಂದು ಗಂಟೆಗೆ ಹೋಯಿತು.

ಚಳಿಗಾಲದಲ್ಲಿ ಮುದುಕಿ ತೀರಿಕೊಂಡರು. ನಾನು ಮನಸಾರೆ ಅತ್ತೆ. ಅಳುತ್ತಿರುವಾಗಲೇ, ಇನ್ನು ಲ್ಯಾಬಿಗೆ ಹೋಗಬಹುದು ಎಂಬ ಯೋಚನೆಯೂ ಬಂತು. ಅದಕ್ಕಾಗಿ ಇಂದಿಗೂ ನಾಚುತ್ತೇನೆ.

ತಿಥಿಗೆ ಬಂದ ಆ ಮನೆಯ ಮಗಳು ತುಂಬು ಗರ್ಭಿಣಿ. ಹೆರಿಗೆಗೆ ತವರಿನಲ್ಲೇ ಉಳಿದಳು. "ಇನ್ನು ಮೂರು ತಿಂಗಳ ನೋಡ್ಕೊಂಬಿಡು. ಆಮ್ಯಾಲ ಆರಾಮ ಓದ್ಕೋವಂತಿ" ಎಂದರು ಮಾಲೀಕರ ಹೆಂಡತಿ. ಪರೀಕ್ಷೆಗೆ ಇದ್ದದ್ದೂ ಮೂರೇ ತಿಂಗಳು.

ಹಾಜರಿ ಸಾಲದೆ ಪರೀಕ್ಷೆಗೆ ಕೂರುವಂತಿಲ್ಲದವರ ಪಟ್ಟಿಯನ್ನು ಕಾಲೇಜಿನ ಗೋಡೆಗೆ ಅಂಟಿಸಿದಾಗ ಅದರಲ್ಲಿ ನನ್ನ ಹೆಸರಿತ್ತು. ಅಂದೇ ಸಿರುಗುಪ್ಪದ ಬಸ್ಸು ಹತ್ತಿದೆ. ಅಪ್ಪ ಗಿರಣಿಯ ಅಂಗಳದಲ್ಲಿ ಭತ್ತ ಹರವುತ್ತಿದ್ದ. ಹುಬ್ಬಿನ ಮೇಲೆಲ್ಲ ತೌಡಿನ ಪುಡಿ.

"ಅಪ್ಪಾ, ನಾ ಆ ಮನಿ ಬಿಡ್ತೀನಿ."

"ಬಿಟ್ಟು ಎಲ್ಲಿರ್ತಿ?"

"ಎಲ್ಯರ ಇರ್ತೀನಿ."

ಅಪ್ಪ ಸ್ವಲ್ಪ ಹೊತ್ತು ಭತ್ತದಲ್ಲಿ ಕಾಲಾಡಿಸಿದ. "ನೀ ಅಲ್ಲಿ ಬಿಟ್ರ, ನಾ ಇಲ್ಲಿರಾಕ ಆಗಂಗಿಲ್ಲವ್ವ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಊರಿನಲ್ಲಿ ಕೆಲಸ ಇಲ್ಲ ಎಂಬುದು ನನಗೂ ಗೊತ್ತಿತ್ತು. ನನ್ನ ಕೈಗೆ ಒಂದು ಬಾಳೆಹಣ್ಣು ಕೊಟ್ಟು ಬಸ್ ಸ್ಟ್ಯಾಂಡಿನವರೆಗೆ ಬಂದ. ತೆಕ್ಕಲಕೋಟೆ ದಾಟುವವರೆಗೂ ಆ ಹಣ್ಣನ್ನು ಹಾಗೇ ಹಿಡಿದುಕೊಂಡಿದ್ದೆ. ದೀಪ ಹಚ್ಚುವ ಹೊತ್ತಿಗೆ ಸತ್ಯನಾರಾಯಣಪೇಟೆಯ ಮನೆಯಲ್ಲಿ ಕೂಸಿನ ಬಟ್ಟೆ ಒಗೆಯುತ್ತಿದ್ದೆ.

ವಿಜ್ಞಾನ ಅಲ್ಲಿಗೆ ಮುಗಿಯಿತು. ಮುಂದೆ ಲ್ಯಾಬ್ ಬೇಕಿಲ್ಲದ ಕಲಾ ವಿಷಯಗಳನ್ನು ಮನೆಯಲ್ಲೇ ಓದಿ, ಖಾಸಗಿಯಾಗಿ ಪರೀಕ್ಷೆ ಕಟ್ಟಿ ಪಾಸಾದೆ. ಶಿಕ್ಷಕರ ತರಬೇತಿಗೆ ಸೀಟು ಸಿಕ್ಕ ಮೇಲೆ ಆ ಮನೆಯಿಂದ ಹೊರಬಿದ್ದೆ. ಎಂಬತ್ತರ ದಶಕದ ಮೊದಲಲ್ಲಿ ಸಿರಿಗೇರಿಯ ಶಾಲೆಗೆ ಟೀಚರಾಗಿ ಸೇರಿದೆ. ಅಪ್ಪ ಹೆಗಲು ಕೈಕೊಡುವವರೆಗೂ ಅದೇ ಗಿರಣಿಯಲ್ಲಿದ್ದ.

ಕೆಲಸ ಸಿಕ್ಕ ಸುದ್ದಿ ಹೇಳಲು ಅಪ್ಪನೊಂದಿಗೆ ಮಾಲೀಕರ ಮನೆಗೆ ಹೋದೆ. ಮನೆ ತುಂಬ ನೆಂಟರಿದ್ದರು. ಮಾಲೀಕರ ಹೆಂಡತಿ ನನ್ನ ಭುಜದ ಮೇಲೆ ಕೈಯಿಟ್ಟು, "ನಮ್ಮನ್ಯಾಗ ಇದ್ದು ಓದಿದ ಹುಡುಗಿ, ನೋಡ್ರಿ, ಇವತ್ತು ಟೀಚರಾಗ್ಯಾಳ" ಎಂದರು. ಅವರ ಮುಖದಲ್ಲಿ ನಿಜವಾದ ಹೆಮ್ಮೆಯಿತ್ತು. ನೆಂಟರು ನನ್ನತ್ತ ನೋಡಿದರು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಅವರಿಗೆ ಕೈಮುಗಿದೆ. ಅಪ್ಪ ಪಕ್ಕದಲ್ಲಿ ನಿಂತು ಹೌದ್ರಿ, ಹೌದ್ರಿ ಎಂದು ತಲೆಯಾಡಿಸುತ್ತಿದ್ದ. ಅವನು ಅದನ್ನು ನಂಬಿ ಹೇಳಿದನೋ, ನನ್ನ ಹಾಗೆ ನುಂಗಿಕೊಂಡು ಹೇಳಿದನೋ, ಅವನಿರುವವರೆಗೂ ನಾನು ಕೇಳಲಿಲ್ಲ.