ಮಾವನೋರ ವಾಟರ್ ಬಾಟಲ್

ಕಳೆದ ಭಾನುವಾರ ಆವತಿಯಲ್ಲಿ ನಮ್ಮ ಸೋದರತ್ತೆಯ ಮನೆ ಜಗಲಿಯ ಮೇಲೆ ಹದಿಮೂರು ಮಿಲಿಟರಿ ವಾಟರ್ ಬಾಟಲ್‌ಗಳು ಸಾಲಾಗಿ ಕೂತಿದ್ದವು. ಅವುಗಳ ಎದುರು ನಾನು ಮತ್ತು ನನ್ನ ಬಾಮೈದ ಲೋಕಿ ತಲೆ ಮೇಲೆ ಕೈ ಹೊತ್ತು ಕೂತಿದ್ದೆವು. ಹದಿಮೂರರಲ್ಲಿ ಒಂದು ಮಾತ್ರ ಅಸಲಿ. ಯಾವುದು ಅಂತ ಇಬ್ಬರಿಗೂ ಗೊತ್ತಿರಲಿಲ್ಲ.

(ನಗಬೇಡಿ. ನಿಮ್ಮ ಬಾಮೈದನೂ ಒಂದು ದಿನ ಸಿನಿಮಾಗೆ ಸೇರಬಹುದು.)

ಲೋಕಿ ಆರ್ಟ್ ಡಿಪಾರ್ಟ್‌ಮೆಂಟಿನವನು. ನಟರು ಕೈಗೆತ್ತಿಕೊಳ್ಳುವ ಸಾಮಾನನ್ನೆಲ್ಲ ಅವನೇ ಹೊಂದಿಸಬೇಕು. ಈಗಿನದು ಎರಡನೇ ಮಹಾಯುದ್ಧದ ಕಥೆ. ನಿರ್ದೇಶಕರಿಗೆ ಅಸಲಿತನದ ಹುಚ್ಚು. ಏಕೆಂದರೆ ಅವರ ಹಿಂದಿನ ಚಿತ್ರದಲ್ಲಿ ಬ್ರಿಟಿಷರ ಕಾಲದ ಸಿಪಾಯಿಯೊಬ್ಬ ಜಿಪ್ ಇರುವ ಬ್ಯಾಗ್ ಹಾಕಿಕೊಂಡು ಓಡಿದ್ದ. ಯಾರೋ ಪುಣ್ಯಾತ್ಮ ಆ ಜಿಪ್ಪಿಗೆ ಕೆಂಪು ರೌಂಡ್ ಹಾಕಿ ಇಂಟರ್ನೆಟ್ಟಿಗೆ ಬಿಟ್ಟ. ಚಿತ್ರಕ್ಕಿಂತ ಜಿಪ್ಪೇ ಹೆಚ್ಚು ದಿನ ಓಡಿತು!

"ಈ ಸಲ ಒಂದೇ ಒಂದು ಕೆಂಪು ರೌಂಡ್ ಬಿದ್ರೂ ನಾನು ಮನೆಗೆ, ಭಾವ" ಅಂದ ಲೋಕಿ. ಹೆಲ್ಮೆಟ್, ಬೂಟು, ಬೆಲ್ಟು ಎಲ್ಲ ಹೇಗೋ ಹೊಂದಿತ್ತು. ಸಿಗದಿದ್ದದ್ದು ನೀರಿನ ಬಾಟಲ್. ನೆಟ್ಟಿನಲ್ಲಿ ಒಬ್ಬ ಪಂಡಿತ ಅದಕ್ಕೆ ನೀಲಿ ಎನಾಮಲ್ ಬಣ್ಣ ಅಂದರೆ ಇನ್ನೊಬ್ಬ ಹಸಿರು ಅನ್ನುತ್ತಾನೆ. ಜಗಳ ಬೇಕಾದಷ್ಟಿದೆ, ಬಾಟಲ್ ಮಾತ್ರ ಯಾರ ಹತ್ತಿರವೂ ಇಲ್ಲ.

ಆಗ ನಾನು ಬಾಯಿ ಬಿಟ್ಟೆ. ಆವತಿಯ ನಮ್ಮ ಜಯಮ್ಮತ್ತೆಯ ಮಾವ ಬರ್ಮಾ ಯುದ್ಧಕ್ಕೆ ಹೋಗಿ ಬಂದವರು. ಅವರು ತಂದ ಬಾಟಲ್ಲಿನಲ್ಲೇ ಅತ್ತೆ ಇವತ್ತಿಗೂ ದ್ರಾಕ್ಷಿ ತೋಟಕ್ಕೆ ಮಜ್ಜಿಗೆ ಒಯ್ಯುತ್ತಾರೆ.

ಅತ್ತೆ ಸುಲಭಕ್ಕೆ ಕೊಡಲಿಲ್ಲ. "ಲೇ, ನಮ್ಮ ಮಾವನೋರು ಜೀವ ಕೈಯಲ್ಲಿ ಹಿಡ್ಕೊಂಡು ತಂದಿದ್ದು ಇದು. ವಾಪಸ್ ಬರ್ಲಿಲ್ಲ ಅಂದ್ರೆ ನೀನೂ ಈ ಹೊಸಲು ತುಳೀಬೇಡ" ಅಂದರು. ನಮ್ಮಪ್ಪನ ಕಡೆ ಉಳಿದಿರುವ ಹಿರಿಯರು ಅವರೊಬ್ಬರೇ. ಆ ಹೊಸಲು ಕಳೆದುಕೊಳ್ಳುವ ಧೈರ್ಯ ನನಗಿಲ್ಲ. ಆದರೂ ಎದೆ ತಟ್ಟಿಕೊಂಡು ಜವಾಬ್ದಾರಿ ಹೊತ್ತೆ.

ಕೊಟ್ಟರೂ ಖಾಲಿ ಕೊಡುವುದುಂಟೆ? ನಮ್ಮ ಕಡೆ ಖಾಲಿ ಪಾತ್ರೆ ಹೊಸಲು ದಾಟುವಂತಿಲ್ಲ. ಪಕ್ಕದ ಮನೆಯ ಬಟ್ಟಲು ವಾಪಸ್ ಕೊಡುವಾಗಲೂ ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಅತ್ತೆ ಬಾಟಲ್ಲಿನ ಕತ್ತಿನವರೆಗೂ ಮಜ್ಜಿಗೆ ತುಂಬಿ, ಬಿರಡೆ ಒತ್ತಿ ಕೊಟ್ಟರು. ಲೋಕಿ ಹೆಗಲಿಗೆ ಹಾಕಿಕೊಂಡು ಬೈಕ್ ಏರಿದ. ನಕಲು ಮಾಡಿಸಬೇಕಿದ್ದ ಪಿಲ್ಲಗುಂಪೆಯ ವರ್ಕ್‌ಶಾಪ್ ತಲುಪುವಷ್ಟರಲ್ಲಿ ಪ್ಯಾಂಟೆಲ್ಲ ಮಜ್ಜಿಗೆ. ಕುಲುಕಾಟಕ್ಕೆ ಬಿರಡೆ ಸಡಿಲಾಗಿರಬೇಕು ಅಂದುಕೊಂಡನಂತೆ.

ವರ್ಕ್‌ಶಾಪಿನವರು ಒಂದು ಡಜನ್ ನಕಲು ಮಾಡಿದರು. ಅದೇ ತಗಡು, ಅದೇ ತೂಕ, ಹಳೇ ಕಂಬಳಿಯ ಹೊದಿಕೆ. ಅಸಲಿಯಲ್ಲಿ ಎಲ್ಲಿ ಚಕ್ಕೆ ಎದ್ದಿತ್ತೋ ಅಲ್ಲೇ ಚಕ್ಕೆ ಎಬ್ಬಿಸಿದರು. ಸೈನಿಕರು ಕ್ಯಾಮೆರಾ ಮುಂದೆ ನಿಜವಾಗಿ ನೀರು ಕುಡಿಯಬೇಕಲ್ಲ, ಒಂದೂ ಸೋರದಂತೆ ಬೆಸುಗೆ ಹಾಕಿದರು. ಆಮೇಲೆ ಹದಿಮೂರಕ್ಕೂ ಒಂದೇ ಧೂಳು, ಒಂದೇ ಬಣ್ಣದ ಮೇಕಪ್.

ಶೂಟಿಂಗ್ ಮುಗಿಯಿತು. ನಿರ್ದೇಶಕರು ಖುಷ್. ಬಾಟಲ್‌ಗಳೆಲ್ಲ ಒಂದೇ ಗೋಣಿಚೀಲದಲ್ಲಿ ವಾಪಸ್ ಬಂದವು.

"ಅಸಲಿಗೆ ಒಂದು ಗುರುತಾದ್ರೂ ಹಾಕಿದ್ದೀಯೇನೋ?" ಅಂದೆ.

"ಹಾಕಿದ್ರೆ ಆ ಗುರುತಿಗೂ ಕೆಂಪು ರೌಂಡ್ ಹಾಕ್ತಿದ್ರಲ್ಲ, ಭಾವ!"

ಹೀಗೆ ಚೀಲ ಸಮೇತ ಆವತಿಗೆ ಬಂದಿದ್ದೆವು. ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆವು. ಅಸಲಿಯ ಹಳೇ ಫೋಟೊ ಜೂಮ್ ಮಾಡಿದೆವು. ತಟ್ಟಿದೆವು, ಮೂಸಿದೆವು. ಎಲ್ಲದರದ್ದೂ ಪೇಂಟಿನ ವಾಸನೆ.

ಅಷ್ಟರಲ್ಲಿ ಅತ್ತೆ ಹೊರಗೆ ಬಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿ ಬೈಗುಳಕ್ಕೆ ರೆಡಿಯಾದೆ. ಅವರು ಬೈಯಲಿಲ್ಲ. ಒಳಗಿಂದ ಬಿಂದಿಗೆ ತಂದು ಹದಿಮೂರಕ್ಕೂ ನೀರು ತುಂಬಿ, ಜಗಲಿ ಮೇಲೆ ನಿಲ್ಲಿಸಿ, ಅವರೆಕಾಯಿ ಸುಲಿಯುತ್ತ ಕೂತರು.

ಸ್ವಲ್ಪ ಹೊತ್ತಿಗೆ ಒಂದು ಬಾಟಲ್ಲಿನ ಬುಡದಲ್ಲಿ ಮಾತ್ರ ಜಗಲಿ ಒದ್ದೆಯಾಯಿತು.

"ಇದೇ ನೋಡು ನಮ್ಮ ಮಾವನೋರದು" ಅಂದರು.

ನನಗೆ ಹೋದ ಜೀವ ಬಂದಂತಾಯಿತು. ಲೋಕಿ ಎದ್ದು ಅದನ್ನು ಅತ್ತೆಯ ಕೈಗಿಟ್ಟ. ಅತ್ತೆ ಅದನ್ನು ನನ್ನ ಕೈಗಿಟ್ಟರು. ಆಮೇಲೆ ಸಾಲಿನಿಂದ ಇನ್ನೊಂದನ್ನು ಎತ್ತಿ ಬುಡ ಸವರಿದರು. ಒಣಗಿತ್ತು.

"ಇದು ನಂಗಿರ್ಲಿ."

"ಅತ್ತೆ, ಅದು ಡೂಪ್ಲಿಕೇಟು!"

"ಸೋರಲ್ವಲ್ಲ? ಮಾವನೋರು ಸಾಯೋಗಂಟ ಅಂತಿದ್ರು ಕಣೋ, 'ಬರ್ಮಾದಿಂದ್ಲೂ ಸೋರ್ತಾನೇ ಅದೆ ಜಯಮ್ಮಾ, ಇಂಥದ್ದೇ ಸೋರದೆ ಇರೋದು ಒಂದು ಸಿಕ್ಕಿದ್ರೆ ನೋಡು' ಅಂತ. ಎಲ್ಲೆಲ್ಲೋ ಹುಡುಕ್ದೆ. ಇವತ್ತು ಸಿಕ್ತು."

ಅವರ ಕಣ್ಣಲ್ಲಿ ನೀರಿತ್ತು. ಆದರೆ ಅದು ಒಂದು ಗಳಿಗೆ ಮಾತ್ರ.

"ನೀವು ತಾನೇ ಅಸಲಿ ಬೇಕು ಅಂತ ಕುಣ್ಕೊಂಡು ಬಂದಿದ್ದು? ತಗೊಂಡ್ ಹೋಗಿ" ಅಂದವರೇ ಅಸಲಿಯ ನೀರು ಚೆಲ್ಲಿ, ಮಜ್ಜಿಗೆ ತುಂಬಿ ನನ್ನ ಹೆಗಲಿಗೆ ನೇತುಹಾಕಿದರು. (ಖಾಲಿ ಕಳಿಸುವಂತಿಲ್ಲವಲ್ಲ!) ದೊಡ್ಡಬಳ್ಳಾಪುರದ ನಮ್ಮ ಮನೆ ಸೇರುವಷ್ಟರಲ್ಲಿ ನನ್ನ ಪ್ಯಾಂಟೂ ಒದ್ದೆ.

ಸಿನಿಮಾ ಸಾಮಾನಿನ ಗೋಡೌನಿನವರು ಒಂದು ಬಾಟಲ್ ಕಮ್ಮಿ ಇದೆಯಲ್ಲ ಅಂದದ್ದಕ್ಕೆ, ಯುದ್ಧದಲ್ಲಿ ಕಳೆದುಹೋಯಿತು ಅಂದನಂತೆ ಲೋಕಿ. ಅಸಲಿ ಈಗ ನಮ್ಮ ಶೋಕೇಸಿನಲ್ಲಿದೆ. ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತೇನೆ. ಅವರೂ ಮುಟ್ಟಿ ಮುಟ್ಟಿ ನೋಡಿ, "ಒರಿಜಿನಲ್ಲಾ?" ಅಂತ ಕಣ್ಣರಳಿಸುತ್ತಾರೆ.

ಅಸಲಿಯೇ ಬೇಕು ಅಂತ ಹಟ ಹಿಡಿಯುವವರು ಯಾರು ಹೇಳಿ? ಅದರಲ್ಲಿ ಮಜ್ಜಿಗೆ ಒಯ್ಯಬೇಕಾಗಿಲ್ಲದವರು ತಾನೇ?